ದಡ ಬಿಡುವ ಮುನ್ನ

ಜೀವನೋಪಾಯಕ್ಕಾಗಿ ನೀರಿಗಿಳಿಯುವವನ ಸಾಹಸಕ್ಕೆ ಯಾರೂ ಕಾರಣ ಕೇಳುವುದಿಲ್ಲ. ಬೆಸ್ತನಾಗಲಿ, ಅಂಬಿಗನಾಗಲಿ, ಹಡಗಿನ ಆಳಾಗಲಿ ಅಲೆಗೂ ಗಾಳಿಗೂ ಮೈಯೊಡ್ಡುವುದು ಮನೆಯ ಒಲೆ ಉರಿಯಬೇಕೆಂದು. ಆ ಅಪಾಯ ಅವನ ಕಸುಬಿನೊಡನೆ ಕೂಡಿಕೊಂಡೇ ಬಂದದ್ದು. ಆದರೆ ಯಾವ ಸರಕನ್ನೂ ಸಾಗಿಸದೆ, ಯಾವ ಬಲೆಯನ್ನೂ ಬೀಸದೆ, ಹೊರಟ ದಡಕ್ಕೇ ಹಿಂತಿರುಗಿ ಬರುವುದೊಂದೇ ಗುರಿಯಾಗಿ, ಹತ್ತು ಹದಿನೈದು ಅಡಿಗಳಷ್ಟೇ ಉದ್ದವಾದ ಡಿಂಗಿಯೆಂಬ ಕಿರು ಹಾಯಿದೋಣಿಯಲ್ಲಿಯೋ, ಸೊಂಟದಿಂದ ಕೆಳಗಿನ ಮೈಯನ್ನೆಲ್ಲ ತನ್ನೊಳಗೆ ಇರಿಸಿಕೊಳ್ಳುವ ಕಯಾಕಿನಲ್ಲಿಯೋ ಕುಳಿತು, ಕೇವಲ ಉಲ್ಲಾಸಕ್ಕಾಗಿ ತೆರೆದ ನೀರಿಗೆ ಹೋಗುವವನನ್ನು ಕುರಿತು ಮಾತ್ರ ಲೋಕವು ಎರಡು ಬಗೆಯ ಮಾತನ್ನಾಡುತ್ತದೆ: ಸುಖವಾಗಿ ಮರಳಿದರೆ ಅವನು ಸಾಹಸಿ, ಮರಳದಿದ್ದರೆ ಅವಿವೇಕಿ. ಫಲವನ್ನು ನೋಡಿ ಕೊಡುವ ಈ ತೀರ್ಪು ನ್ಯಾಯವಾದುದೆಂದು ನನಗೆ ತೋರುವುದಿಲ್ಲ. ಗೆದ್ದು ಬಂದವನಲ್ಲಿ ಅವಿವೇಕವಿರಬಹುದು. ಸೋತು ಹೋದವನಲ್ಲಿ ವಿವೇಕವಿದ್ದಿರಬಹುದು. ಯಾವುದು ಸಾಹಸ, ಯಾವುದು ದುಸ್ಸಾಹಸ ಎಂಬುದು ಬಹುಮಟ್ಟಿಗೆ ದೋಣಿಯು ಇನ್ನೂ ಮರಳಿನ ಮೇಲಿರುವಾಗಲೇ ನಿಶ್ಚಯವಾಗಿಬಿಟ್ಟಿರುತ್ತದೆ.

ಸಿರಿವಂತರು ವಿನೋದಕ್ಕಾಗಿ ನೌಕೆಗಳನ್ನು ಇಟ್ಟುಕೊಳ್ಳುವ ಪದ್ಧತಿ ಯೂರೋಪಿನಲ್ಲಿ ಹಳೆಯದು. ಸಾಮಾನ್ಯನೊಬ್ಬನು ಹಗುರವಾದ ದೋಣಿಯೊಂದರಲ್ಲಿ ಒಂಟಿಯಾಗಿ ಊರೂರು ಸುತ್ತಬಹುದೆಂಬ ಆಸೆಯನ್ನು ಆಂಗ್ಲ ಜನರಲ್ಲಿ ಬಿತ್ತಿದವನು ಜಾನ್ ಮ್ಯಾಕ್‌ಗ್ರೆಗರ್ ಎಂಬ ನ್ಯಾಯವಾದಿ. ಅವನು 1865ರಲ್ಲಿ ‘ರಾಬ್ ರಾಯ್’ ಎಂದು ಹೆಸರಿಟ್ಟ, ಕಯಾಕನ್ನು ಹೋಲುವ ಮರದ ದೋಣಿಯನ್ನೇರಿ ಥೇಮ್ಸ್ ನದಿಯಿಂದ ಹೊರಟು, ಯೂರೋಪು ಖಂಡದ ನದಿಗಳಲ್ಲಿಯೂ ಸರೋವರಗಳಲ್ಲಿಯೂ ಸಂಚರಿಸಿ, ಮರುವರ್ಷ ಆ ಪ್ರವಾಸದ ವೃತ್ತಾಂತವನ್ನು ಪ್ರಕಟಿಸಿದನು. ಅದಾದ ಸುಮಾರು ಒಂದು ಶತಮಾನಕ್ಕೆ, 1963ರಲ್ಲಿ, ಲಂಡನ್ನಿನ ‘ಡೇಲಿ ಮಿರರ್’ ಪತ್ರಿಕೆಯ ಆಶ್ರಯದಲ್ಲಿ ಹಾಯಿದೋಣಿಯೊಂದು ಮಾರುಕಟ್ಟೆಗೆ ಬಂದಿತು. ಜ್ಯಾಕ್ ಹೋಲ್ಟ್, ಬ್ಯಾರಿ ಬಕ್ನೆಲ್ ಎಂಬಿಬ್ಬರು ರೂಪಿಸಿದ ಆ ದೋಣಿಯ ಉದ್ದ ಹನ್ನೊಂದು ಅಡಿಗಿಂತ ಸ್ವಲ್ಪ ಕಡಿಮೆ. ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದುಗಳಿಗೆ ರಾಳವನ್ನು ಬಳಿದು ಯಾವ ಗೃಹಸ್ಥನಾದರೂ ತನ್ನ ಮನೆಯ ಅಂಗಳದಲ್ಲಿಯೇ ಕಟ್ಟಿಕೊಳ್ಳಬಹುದಿತ್ತು. ಬೆಲೆ ಅರುವತ್ತಮೂರು ಪೌಂಡುಗಳ ಆಸುಪಾಸು. ಕೆಂಪು ಹಾಯಿಯ ಈ ‘ಮಿರರ್’ ಡಿಂಗಿಗಳು ಎಪ್ಪತ್ತು ಸಾವಿರಕ್ಕೂ ಹೆಚ್ಚು ನಿರ್ಮಾಣವಾದುವು. ಗುಮಾಸ್ತನ ಮಗನೂ ಶಾಲಾಮಾಸ್ತರನ ಮಗಳೂ ಹಾಯಿಯ ಹಗ್ಗವನ್ನು ಕೈಯಲ್ಲಿ ಹಿಡಿಯುವಂತಾದುದು ಇಂಥ ದೋಣಿಗಳಿಂದ.

ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ದೋಣಿಯನ್ನು ಅಂಗಡಿಯಿಂದ ತರಬಹುದು. ನೀರಿನ ತಿಳಿವಳಿಕೆಯನ್ನು ತರಲಾಗುವುದಿಲ್ಲ. ಮೀನುಗಾರನ ಮಗನು ಹತ್ತು ವರ್ಷದವನಾಗುವಷ್ಟರಲ್ಲಿ ಮೋಡದ ಬಣ್ಣವನ್ನೂ ಅಲೆಯ ಸದ್ದನ್ನೂ ಅಪ್ಪ ಅಜ್ಜಂದಿರ ಬಾಯಿಂದ ಕಲಿತಿರುತ್ತಾನೆ. ರಜೆಯ ದಿನ ಪಟ್ಟಣದಿಂದ ಬಂದವನಿಗೆ ಆ ಪರಂಪರೆಯಿಲ್ಲ. ಮೊದಲನೆಯವನಿಗೆ ಹಿರಿಯರಿಂದ ಬಂದದ್ದನ್ನು ಎರಡನೆಯವನು ಅಭ್ಯಾಸದಿಂದಲೂ ವಿಚಾರದಿಂದಲೂ ಸಂಪಾದಿಸಿಕೊಳ್ಳಬೇಕು. ಆ ಸಂಪಾದನೆಯಿಲ್ಲದೆ ನೀರಿಗಿಳಿದವನು ಅಪಾಯವನ್ನು ‘ತೆಗೆದುಕೊಂಡನು’ ಎನ್ನುವುದು ಸಹ ಸರಿಯಾಗದು. ಅಪಾಯವು ಅಲ್ಲಿದೆಯೆಂದೇ ಅವನು ಕಂಡಿರುವುದಿಲ್ಲ.

ಆರ್ಥರ್ ರ‍್ಯಾನ್ಸಮ್ ಎಂಬ ಲೇಖಕನು 1930ರಲ್ಲಿ ಪ್ರಕಟಿಸಿದ ‘ಸ್ವಾಲೋಸ್ ಅಂಡ್ ಅಮೆಜಾನ್ಸ್’ ಎಂಬ ಮಕ್ಕಳ ಕಾದಂಬರಿಯು ಇಂಗ್ಲೆಂಡಿನಲ್ಲಿ ತಲೆಮಾರುಗಳ ಮಕ್ಕಳನ್ನು ಹಾಯಿದೋಣಿಯ ಕಡೆಗೆ ಸೆಳೆದದ್ದು. ಅದರಲ್ಲಿ ನಾಲ್ವರು ಒಡಹುಟ್ಟಿದವರು ಸರೋವರದ ನಡುವಿನ ದ್ವೀಪಕ್ಕೆ ತಾವಾಗಿಯೇ ದೋಣಿ ನಡೆಸಿಕೊಂಡು ಹೋಗಿ ಅಲ್ಲಿ ಬಿಡಾರ ಹೂಡಲು ಅನುಮತಿ ಬೇಡುತ್ತಾರೆ. ದೂರದ ಮಾಲ್ಟಾದಲ್ಲಿ ನೌಕಾಸೇನೆಯ ಅಧಿಕಾರಿಯಾಗಿರುವ ತಂದೆಯು ತಂತಿಯ ಮೂಲಕ ಒಪ್ಪಿಗೆ ಕಳುಹಿಸುತ್ತಾನೆ. ಚತುರರಾದವರು ಮುಳುಗುವುದಿಲ್ಲವೆಂಬ ಅಭಿಪ್ರಾಯದ, ತುಸು ಕಠೋರವೆಂದೇ ತೋರುವ ಆ ತಂತಿಯ ಒಕ್ಕಣೆಯನ್ನು ಸಾಹಸಪ್ರಿಯರು ಇಂದಿಗೂ ತಮ್ಮ ಪರವಾಗಿ ಉದಾಹರಿಸುವುದುಂಟು. ಅವರು ಗಮನಿಸದ ಒಂದು ಅಂಶವಿದೆ. ಆ ತಂದೆ ತನ್ನ ಮಕ್ಕಳನ್ನು ಬಲ್ಲವನು. ಹಿರಿಯ ಮಗನಿಗೆ ಹಾಯಿಯ ವಿದ್ಯೆ ಮೊದಲೇ ತಿಳಿದಿತ್ತು. ತಾಯಿಯು ಅವರ ದೋಣಿಯನ್ನು ಕಣ್ಣಾರೆ ನೋಡಿ, ದಡದ ಮನೆಯಿಂದ ಆಗಾಗ ಬಂದು ವಿಚಾರಿಸಿಕೊಳ್ಳುತ್ತಿದ್ದವಳು. ಮಕ್ಕಳಿಗೆ ದೊರೆತ ಸ್ವಾತಂತ್ರ್ಯದ ಹಿಂದೆ ಹಿರಿಯರ ಬಹುಕಾಲದ ಶಿಕ್ಷಣವೂ ಎಚ್ಚರವೂ ನಿಂತಿದ್ದುವು. ಆ ಹಿನ್ನೆಲೆಯನ್ನು ತೆಗೆದುಹಾಕಿ ಸ್ವಾತಂತ್ರ್ಯವನ್ನಷ್ಟೇ ಉಳಿಸಿಕೊಂಡರೆ ಏನಾಗುವುದೆಂಬುದಕ್ಕೆ, ಅದೇ ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ನಡೆದ ಘಟನೆಯೊಂದು ದಾರುಣವಾದ ಸಾಕ್ಷಿ.

1993ನೆಯ ಇಸವಿ ಮಾರ್ಚಿ 22ರ ಬೆಳಗ್ಗೆ ಡಾರ್ಸೆಟ್ ಪ್ರಾಂತದ ಲೈಮ್ ರೀಜಿಸ್ ಎಂಬ ಊರಿನ ಬಂದರಿನಿಂದ ಹನ್ನೊಂದು ಜನರ ತಂಡವೊಂದು ಕಯಾಕುಗಳಲ್ಲಿ ಹೊರಟಿತು: ಪ್ಲಿಮತ್ ನಗರದ ಶಾಲೆಯೊಂದರ ಎಂಟು ವಿದ್ಯಾರ್ಥಿಗಳು, ಅವರ ಉಪಾಧ್ಯಾಯರೊಬ್ಬರು, ಸಾಹಸಕೇಂದ್ರವೊಂದರ ಇಬ್ಬರು ಬೋಧಕರು. ಹೋಗಬೇಕಾದದ್ದು ತೀರದ ಉದ್ದಕ್ಕೂ ಸುಮಾರು ಎರಡು ಮೈಲಿ ದೂರದ ಚಾರ್ಮತ್‌ಗೆ. ಮಧ್ಯಾಹ್ನದ ಊಟದ ಹೊತ್ತಿಗೆ ತಲುಪುವುದೆಂದು ಅಂದಾಜು. ಗಾಳಿ ನೆಲದಿಂದ ಕಡಲಿನ ಕಡೆಗೆ ಬೀಸುತ್ತಿತ್ತು. ಹೊರಟ ಸ್ವಲ್ಪ ಹೊತ್ತಿನಲ್ಲಿಯೇ ಉಪಾಧ್ಯಾಯರ ಕಯಾಕ್ ಮತ್ತೆ ಮತ್ತೆ ಮಗುಚಿ, ಒಬ್ಬ ಬೋಧಕನು ಅವರ ಸಹಾಯಕ್ಕೆ ನಿಲ್ಲಬೇಕಾಯಿತು. ಇನ್ನೊಬ್ಬ ಬೋಧಕರೂ ಎಂಟು ಮಕ್ಕಳೂ ತಮ್ಮ ದೋಣಿಗಳನ್ನು ಒಂದಕ್ಕೊಂದು ಜೋಡಿಸಿ ಹಿಡಿದುಕೊಂಡು ಕಾಯುತ್ತಿರುವಷ್ಟರಲ್ಲಿ ಗಾಳಿಯು ಅವರನ್ನು ಮೆಲ್ಲಮೆಲ್ಲನೆ ದಡದಿಂದ ಆಚೆಗೆ ಒಯ್ದಿತು. ದೂರ ಹೋದಂತೆಲ್ಲ ಅಲೆಗಳು ಹಿರಿದಾದುವು. ದೋಣಿಯ ಬಾಯಿಗೆ ಸೊಂಟದ ಸುತ್ತ ಬಿಗಿದು ನೀರು ಒಳನುಗ್ಗದಂತೆ ತಡೆಯುವ ಹೊದಿಕೆ ಆ ಮಕ್ಕಳ ಕಯಾಕುಗಳಿಗೆ ಇರಲಿಲ್ಲ. ಒಂದೊಂದಾಗಿ ದೋಣಿಗಳು ನೀರು ತುಂಬಿ ಮುಳುಗಿದುವು. ಮಕ್ಕಳು ಗಂಟೆಗಟ್ಟಲೆ ಕೊರೆಯುವ ನೀರಿನಲ್ಲಿದ್ದರು. ಕರೆಯಲು ರೇಡಿಯೋ ಇಲ್ಲ, ಆಕಾಶಕ್ಕೆ ಹಾರಿಸಲು ಸಂಕೇತದ ಬಾಣಗಳಿಲ್ಲ. ಊಟದ ವೇಳೆಗೆ ಬರಬೇಕಾದವರು ಬರಲಿಲ್ಲವೆಂಬ ಸಂಗತಿ ಕರಾವಳಿ ರಕ್ಷಣೆಯವರ ಕಿವಿಗೆ ಮುಟ್ಟಿದ್ದು ಮಧ್ಯಾಹ್ನ ಮೂರು ಗಂಟೆ ದಾಟಿದ ಮೇಲೆ. ಎಂಟು ಮಕ್ಕಳಲ್ಲಿ ನಾಲ್ವರು ಉಳಿಯಲಿಲ್ಲ.

ಈ ವೃತ್ತಾಂತವನ್ನು ಓದುವಾಗ ಮನಸ್ಸನ್ನು ಕಲಕುವುದು ಕಡಲಿನ ಕ್ರೌರ್ಯವಲ್ಲ. ಅಂದಿನ ಗಾಳಿ ಅಸಾಮಾನ್ಯವಾದ ಚಂಡಮಾರುತವೇನೂ ಆಗಿರಲಿಲ್ಲ. ಹೊರಡುವ ಮುನ್ನ ಕೇಳಬಹುದಾಗಿದ್ದ ಒಂದೊಂದು ಪ್ರಶ್ನೆಯೂ ಕೇಳದೆ ಉಳಿಯಿತೆಂಬುದೇ ನೋವಿನ ಸಂಗತಿ. ಗಾಳಿಯ ದಿಕ್ಕು ಯಾವುದು? ಕಡಲಿಗೆ ಹೊಸಬರಾದ ಮಕ್ಕಳ ತಂಡವನ್ನು ಕರೆದೊಯ್ಯಲು ಪ್ರಾರಂಭಿಕ ದರ್ಜೆಯ ಅರ್ಹತೆಯಷ್ಟೇ ಇರುವ ಇಬ್ಬರು ಬೋಧಕರು ಸಾಕೆ? ಜೊತೆಗೆ ಬರುವ ರಕ್ಷಣಾದೋಣಿ ಎಲ್ಲಿ? ತಡವಾದರೆ ಯಾರು, ಎಷ್ಟು ಹೊತ್ತಿಗೆ, ಯಾರನ್ನು ಕರೆಯಬೇಕು? ಇದಕ್ಕೂ ಹಿಂದೆ, ಅದೇ ಕೇಂದ್ರವನ್ನು ಬಿಟ್ಟುಹೋದ ಬೋಧಕರಿಬ್ಬರು ಅಲ್ಲಿಯ ವ್ಯವಸ್ಥೆ ಸುಧಾರಿಸದಿದ್ದರೆ ಜೀವಹಾನಿಯಾದೀತೆಂದು ಪತ್ರ ಬರೆದು ಎಚ್ಚರಿಸಿದ್ದರು. ಆ ಪತ್ರ ನಿರ್ವಾಹಕರ ಬಳಿಯಲ್ಲಿಯೇ ಇತ್ತು. 1994ರ ಡಿಸೆಂಬರಿನಲ್ಲಿ ವಿಂಚೆಸ್ಟರ್ ನ್ಯಾಯಾಲಯವು ಕೇಂದ್ರವನ್ನು ನಡೆಸುತ್ತಿದ್ದ ಕಂಪನಿಯನ್ನೂ ಅದರ ಮುಖ್ಯ ನಿರ್ದೇಶಕನನ್ನೂ ನರಹತ್ಯೆಯ ಅಪರಾಧಿಗಳೆಂದು ಘೋಷಿಸಿತು. ಕಂಪನಿಯೊಂದು ನರಹತ್ಯೆಯ ಅಪರಾಧಕ್ಕೆ ಗುರಿಯಾದುದು ಇಂಗ್ಲೆಂಡಿನ ನ್ಯಾಯಚರಿತ್ರೆಯಲ್ಲಿ ಅದೇ ಮೊದಲು. ಮಡಿದ ಮಕ್ಕಳ ತಂದೆತಾಯಿಗಳು ಸುಮ್ಮನೆ ಕುಳಿತುಕೊಳ್ಳಲಿಲ್ಲ. ಅವರ ಹೋರಾಟದ ಫಲವಾಗಿ, ಪ್ಲಿಮತ್ ಭಾಗದ ಪ್ರತಿನಿಧಿ ಡೇವಿಡ್ ಜೇಮಿಸನ್ ಪಾರ್ಲಿಮೆಂಟಿನಲ್ಲಿ ಮಂಡಿಸಿದ ಮಸೂದೆಯು 1995ರಲ್ಲಿ ಶಾಸನವಾಗಿ, ಹದಿನೆಂಟು ವರ್ಷದೊಳಗಿನವರಿಗೆ ಇಂಥ ಸಾಹಸಗಳನ್ನು ಹಣ ಪಡೆದು ಏರ್ಪಡಿಸುವವರು ಪರೀಕ್ಷೆಗೊಳಗಾಗಿ ಪರವಾನಗಿ ಪಡೆಯಬೇಕೆಂಬ ನಿಯಮ ಜಾರಿಗೆ ಬಂದಿತು.

ನೆಲದಿಂದ ಕಡಲಿಗೆ ಬೀಸುವ ಗಾಳಿಯ ವಂಚನೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಹೊಸಬರನ್ನು ಇದರಷ್ಟು ಮೋಸಗೊಳಿಸುವುದು ಬೇರೊಂದಿಲ್ಲ. ಕಡಲಿನಿಂದ ದಡಕ್ಕೆ ಗಾಳಿ ಬೀಸುವಾಗ ಅಲೆಗಳು ಎದ್ದು, ಒಡೆದು, ನೊರೆಯಾಗಿ ತಮ್ಮ ಬಲವನ್ನು ತಾವೇ ಸಾರುತ್ತವೆ. ಅಂಜುಕುಳಿಯಲ್ಲದವನೂ ಅದನ್ನು ನೋಡಿ ಹಿಂಜರಿಯುತ್ತಾನೆ. ಇಳಿದರೂ ಅದು ಅವನನ್ನು ದಡಕ್ಕೇ ತಂದೆಸೆಯುತ್ತದೆ. ನೆಲದ ಕಡೆಯಿಂದ ಬೀಸುವ ಗಾಳಿಗೆ ಗುಡ್ಡವೂ ಮರಗಳೂ ಮನೆಗಳೂ ಅಡ್ಡವಾಗಿ ದಡದ ಬಳಿಯ ನೀರು ಕನ್ನಡಿಯಂತೆ ತಿಳಿಯಾಗಿರುತ್ತದೆ. ಆ ಪ್ರಶಾಂತಿಯನ್ನು ನಂಬಿ ಹೊರಟವನು ಹಿಂದಿನಿಂದ ತಳ್ಳುವ ಗಾಳಿಯ ನೆರವಿನಿಂದ ಅನಾಯಾಸವಾಗಿ ಮುಂದುವರಿದು, ತನ್ನ ತೋಳಿನ ಬಲವೇ ಇಷ್ಟೆಂದು ಭ್ರಮಿಸಿ, ತಿರುಗಿ ನೋಡುವ ವೇಳೆಗೆ ದಡ ದೂರವಾಗಿರುತ್ತದೆ. ಅಲ್ಲಿ ಗಾಳಿಗೆ ತಡೆಯಿಲ್ಲ, ಅಲೆಗಳು ತೀರದಲ್ಲಿದ್ದವಲ್ಲ, ಮರಳುವ ದಾರಿಯೆಲ್ಲ ಎದುರುಗಾಳಿ. ಗಾಳಿಯ ವೇಗ ಎರಡರಷ್ಟಾದರೆ ಹಾಯಿಯ ಮೇಲೂ ಮೈಯ ಮೇಲೂ ಬೀಳುವ ಅದರ ಒತ್ತಡ ನಾಲ್ಕರಷ್ಟಾಗುತ್ತದೆಂಬುದು ಭೌತಶಾಸ್ತ್ರದ ನಿಯಮ. ಗಂಟೆಗೆ ಹತ್ತು ನಾಟಿಕಲ್ ಮೈಲಿಯ ಗಾಳಿಯಲ್ಲಿ ನಲಿದಾಡುವ ಡಿಂಗಿಯು ಇಪ್ಪತ್ತರ ಗಾಳಿಯಲ್ಲಿ ಹೊಸಬನ ಕೈಗೆ ಸಿಕ್ಕದೆ ಹೋಗುವುದು ಈ ಕಾರಣದಿಂದ.

ಎರಡನೆಯ ವಂಚನೆ ತಣ್ಣೀರಿನದು. ಬಿಸಿಲು ಚೆನ್ನಾಗಿರುವ ವಸಂತದ ದಿನ ಇಂಗ್ಲೆಂಡಿನ ಜನ ಅಂಗಿಯೊಂದನ್ನೇ ತೊಟ್ಟು ನೀರಿಗೆ ಹೋಗುವುದುಂಟು. ಆದರೆ ಗಾಳಿ ಬೆಚ್ಚಗಾದಷ್ಟು ಬೇಗ ಕಡಲು ಬೆಚ್ಚಗಾಗುವುದಿಲ್ಲ, ಅಲ್ಲಿ ಸಮುದ್ರದ ನೀರು ಅತ್ಯಂತ ತಣ್ಣಗಿರುವುದು ಫೆಬ್ರವರಿ ಮಾರ್ಚಿಗಳಲ್ಲಿ. ತಣ್ಣೀರಿನಲ್ಲಿ ಬಿದ್ದವನು ಮೈಯ ಶಾಖವೆಲ್ಲ ಆರಿಹೋಗಿ ಮೆಲ್ಲನೆ ಸಾಯುತ್ತಾನೆಂದು ಬಹುಕಾಲ ಜನ ತಿಳಿದಿದ್ದರು. ಫ್ರ್ಯಾಂಕ್ ಗೋಲ್ಡನ್, ಮೈಕ್ ಟಿಪ್ಟನ್ ಮೊದಲಾದ ಶರೀರಶಾಸ್ತ್ರಜ್ಞರ ಸಂಶೋಧನೆಯಿಂದ, ಅನೇಕರು ಅದಕ್ಕೂ ಬಹಳ ಮುಂಚೆ, ಮೊದಲ ಕೆಲವು ನಿಮಿಷಗಳಲ್ಲಿಯೇ ಪ್ರಾಣ ಬಿಡುತ್ತಾರೆಂದು ಸ್ಪಷ್ಟವಾಯಿತು. ಹದಿನೈದು ಡಿಗ್ರಿ ಸೆಲ್ಸಿಯಸ್ಸಿಗಿಂತ ತಣ್ಣನೆಯ ನೀರು ಚರ್ಮಕ್ಕೆ ಹಠಾತ್ತಾಗಿ ತಾಗಿದೊಡನೆ ಮನುಷ್ಯನು ತನ್ನ ಇಚ್ಛೆಯಿಲ್ಲದೆಯೇ ಬಾಯ್ತೆರೆದು ಉಸಿರೆಳೆದುಕೊಳ್ಳುತ್ತಾನೆ. ಆ ಕ್ಷಣದಲ್ಲಿ ತಲೆ ನೀರಿನೊಳಗಿದ್ದರೆ ಶ್ವಾಸಕೋಶಕ್ಕೆ ಹೋಗುವುದು ನೀರೇ. ಅನಂತರ ಉಸಿರು ಹಿಡಿತಕ್ಕೆ ಸಿಗದೆ ಓಡುತ್ತದೆ, ಹೃದಯ ದಡಬಡಿಸುತ್ತದೆ. ಕೆನಡಾದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ವಿಜ್ಞಾನಿಯು ಇದನ್ನು ಸ್ಮರಣೆಗೆ ಸುಲಭವಾಗುವಂತೆ ಮೂರು ಅಂಕಗಳಲ್ಲಿ ಹೇಳಿದ್ದಾನೆ: ಹಿಮದಂಥ ನೀರಿನಲ್ಲಿ ಬಿದ್ದವನಿಗೆ ಉಸಿರನ್ನು ಸ್ಥಿಮಿತಕ್ಕೆ ತಂದುಕೊಳ್ಳಲು 1 ನಿಮಿಷ, ಕೈಕಾಲುಗಳು ಮಾತು ಕೇಳುವುದು 10 ನಿಮಿಷ, ಪ್ರಜ್ಞೆ ತಪ್ಪುವುದಕ್ಕೆ 1 ಗಂಟೆ. ಬ್ರಿಟನ್ನಿನ ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್, ಅಂದರೆ 1824ರಿಂದ ಸ್ವಯಂಸೇವಕರ ತ್ಯಾಗದಿಂದ ನಡೆದುಬಂದಿರುವ ರಕ್ಷಣಾಸಂಸ್ಥೆಯು, ಈಗ ಜನಕ್ಕೆ ಬೋಧಿಸುತ್ತಿರುವುದು ಇದನ್ನೇ: ಬಿದ್ದೊಡನೆ ಈಜಲು ಹೋರಾಡಬೇಡ, ತಲೆಯನ್ನು ಹಿಂದಕ್ಕೆ ಒರಗಿಸಿ ಅಂಗಾತ ತೇಲು, ಉಸಿರು ಕೈವಶವಾದ ಮೇಲೆ ಕೂಗು ಅಥವಾ ಈಜು.

ಆ ಮೊದಲ ನಿಮಿಷದಲ್ಲಿ ತಲೆಯನ್ನು ಮೇಲಿರಿಸುವುದು ಲೈಫ್ ಜಾಕೆಟ್ಟು. ಇದರ ಚರಿತ್ರೆಯಲ್ಲಿ ಮರೆಯಬಾರದ ಅಧ್ಯಾಯವೊಂದುಂಟು. ಮೇಲೆ ಹೇಳಿದ ಸಂಸ್ಥೆಯ ಕ್ಯಾಪ್ಟನ್ ವಾರ್ಡ್ ಎಂಬಾತನು 1854ರಲ್ಲಿ ಬೆಂಡಿನ ತುಂಡುಗಳನ್ನು ಪೋಣಿಸಿ ಎದೆಗೂ ಬೆನ್ನಿಗೂ ಕಟ್ಟಿಕೊಳ್ಳುವ ಕವಚವೊಂದನ್ನು ರೂಪಿಸಿದನು. 1861ನೆಯ ಫೆಬ್ರವರಿ 9ರಂದು ಯಾರ್ಕ್‌ಷೈರಿನ ವಿಟ್ಬಿ ಬಂದರಿನಲ್ಲಿ ಭೀಕರವಾದ ಬಿರುಗಾಳಿ. ಊರಿನ ರಕ್ಷಣಾದೋಣಿಯ ನಾವಿಕರು ಅಂದು ಒಡೆದ ಹಡಗುಗಳಿಂದ ಜನರನ್ನು ಉಳಿಸಲು ಐದು ಬಾರಿ ಹೊರಟು, ಐದು ಬಾರಿಯೂ ಮರಳಿ ಬಂದು, ಆರನೆಯ ಬಾರಿ ಹೊರಟಾಗ ಊರಿನವರ ಕಣ್ಣೆದುರಿನಲ್ಲಿಯೇ ದೋಣಿ ಮಗುಚಿ, ಹದಿಮೂರು ಮಂದಿಯಲ್ಲಿ ಹನ್ನೆರಡು ಮಂದಿ ಮುಳುಗಿಹೋದರು. ಉಳಿದವನು ಹೆನ್ರಿ ಫ್ರೀಮನ್ ಒಬ್ಬನೇ. ಹೊಸ ಮಾದರಿಯ ಬೆಂಡಿನ ಕವಚವನ್ನು ತೊಟ್ಟಿದ್ದವನೂ ಅವನೊಬ್ಬನೇ. ಮುಳುಗಿದ ಹನ್ನೆರಡು ಮಂದಿ ಅವನಿಗಿಂತ ಕಡಿಮೆ ಧೀರರೂ ಅಲ್ಲ, ಕಡಿಮೆ ಕುಶಲರೂ ಅಲ್ಲ. ಫ್ರೀಮನ್ ಮುಂದೆ ಬಹುಕಾಲ ಅದೇ ಬಂದರಿನ ರಕ್ಷಣಾದೋಣಿಯ ಚುಕ್ಕಾಣಿ ಹಿಡಿದು ನೂರಾರು ಪ್ರಾಣಗಳನ್ನು ಉಳಿಸಿದನು.

ಕವಚವನ್ನು ದೋಣಿಯ ತಳದಲ್ಲಿ ಇಟ್ಟುಕೊಂಡು, ಬೇಕಾದಾಗ ತೊಟ್ಟರಾಯಿತೆನ್ನುವವರು ಇಂದಿಗೂ ಇದ್ದಾರೆ. ಅದು ಬೇಕಾಗುವ ಗಳಿಗೆಯಲ್ಲಿ ದೋಣಿಯೇ ತಲೆಕೆಳಗಾಗಿರುತ್ತದೆ, ಬೆರಳುಗಳು ಮರಗಟ್ಟಿರುತ್ತವೆ. ತೊಟ್ಟರೂ ಪಟ್ಟಿಗಳನ್ನು ಬಿಗಿಯದಿದ್ದರೆ ಅದು ಮೈಯನ್ನು ಬಿಟ್ಟು ಕಿವಿಯ ಮೇಲಕ್ಕೆ ಏರಿಬಿಡುತ್ತದೆ. ಇನ್ನೊಂದು ಭೇದವನ್ನೂ ತಿಳಿದಿರಬೇಕು. ಡಿಂಗಿ, ಕಯಾಕುಗಳಲ್ಲಿ ಸಾಮಾನ್ಯವಾಗಿ ತೊಡುವುದು ಐವತ್ತು ನ್ಯೂಟನ್ ತೇಲುಬಲದ, ತೋಳಾಡಿಸಲು ಅನುಕೂಲವಾದ ಹಗುರ ಕವಚ. ಅದು ಈಜು ಬಲ್ಲ, ಎಚ್ಚರವಿರುವ ಮನುಷ್ಯನಿಗೆ ಸಹಾಯಕ. ಎಚ್ಚರ ತಪ್ಪಿದವನನ್ನು ಹೊರಳಿಸಿ ಮುಖವನ್ನು ಆಕಾಶದ ಕಡೆಗೆ ತಿರುಗಿಸುವ ಸಾಮರ್ಥ್ಯಕ್ಕಾಗಿ ರಚಿತವಾದದ್ದು ನೂರೈವತ್ತು ನ್ಯೂಟನ್ನಿನದು. ಎರಡೂ ಒಂದೇ ಎಂದುಕೊಂಡು ಈಜು ಬಾರದವರಿಗೆ ಮೊದಲನೆಯದನ್ನು ತೊಡಿಸಿ ಆಳವಾದ ನೀರಿಗೆ ಕಳುಹಿಸುವುದು ತರವಲ್ಲ.

ಮಗುಚುವುದೆಂಬುದು ಕಿರುದೋಣಿಯ ಸಹಜಧರ್ಮ. ಮೊದಲ ಪಾಠಗಳಲ್ಲಿಯೇ ಶಿಷ್ಯನಿಂದ ಬೇಕೆಂದೇ ದೋಣಿಯನ್ನು ಮಗುಚಿಸಿ, ಸಂಗಾತಿಯ ತಲೆ ಮೇಲೆ ಬಂದಿತೇ ಎಂದು ನೋಡಿಕೊಂಡು, ನಡುಹಲಗೆಯ ಮೇಲೆ ಭಾರ ಹಾಕಿ ಅದನ್ನು ಮತ್ತೆ ನೆಟ್ಟಗೆ ಮಾಡುವ ಕ್ರಮವನ್ನು ಒಳ್ಳೆಯ ಗುರುಗಳು ಕಲಿಸುತ್ತಾರೆ. ಮೇಲೆತ್ತಲಾಗದಿದ್ದರೂ ದೋಣಿಯನ್ನು ಬಿಟ್ಟು ದಡಕ್ಕೆ ಈಜಕೂಡದೆಂಬುದು ಈ ವಿದ್ಯೆಯ ಮೂಲಸೂತ್ರ. ಹುಡುಕುವವರ ಕಣ್ಣಿಗೆ ತೇಲುವ ದೋಣಿ ಕಾಣುವಷ್ಟು ಸುಲಭವಾಗಿ ಮನುಷ್ಯನ ತಲೆ ಕಾಣುವುದಿಲ್ಲ. ಕಯಾಕಿನಲ್ಲಿ ಹುಟ್ಟಿನ ಒಂದು ಬೀಸಿನಿಂದಲೇ ನೀರಿನೊಳಗಿಂದ ಹೊರಳಿ ಮೇಲೇಳುವ ಕಲೆಯನ್ನು ಗ್ರೀನ್‌ಲೆಂಡಿನ ಇನುಯಿಟ್ ಬೇಟೆಗಾರರು ಪೂರ್ಣತೆಗೆ ತಂದಿದ್ದರು.

ಆ ಕಲೆಯನ್ನು ಅವರಿಂದಲೇ ಕಲಿತ ಯೂರೋಪಿಯನ್ನರಲ್ಲಿ ಗೀನೋ ವಾಟ್ಕಿನ್ಸ್ ಎಂಬ ಆಂಗ್ಲ ತರುಣನದು ದೊಡ್ಡ ಹೆಸರು. 1930–31ರಲ್ಲಿ ಗ್ರೀನ್‌ಲೆಂಡಿನ ಪೂರ್ವತೀರಕ್ಕೆ ಹೋದ ಪರಿಶೋಧಕ ತಂಡಕ್ಕೆ ಅವನು ನಾಯಕ. ಕಯಾಕಿನಲ್ಲಿ ಕುಳಿತು ಸೀಲ್ ಬೇಟೆಯಾಡುವುದರಲ್ಲಿ ಆ ನಾಡಿನವರೇ ಮೆಚ್ಚುವಷ್ಟು ಪ್ರವೀಣನಾದವನು. 1932ರಲ್ಲಿ ಮತ್ತೆ ಅಲ್ಲಿಗೆ ಹೋಗಿದ್ದಾಗ, ಆಗಸ್ಟ್ 20ರಂದು, ಸಂಗಾತಿಗಳ ಆಹಾರಕ್ಕಾಗಿ ಒಬ್ಬನೇ ಬೇಟೆಗೆ ಹೋದನು. ಮಧ್ಯಾಹ್ನ ಅವರಿಗೆ ಸಿಕ್ಕಿದ್ದು ತಲೆಕೆಳಗಾಗಿ ತೇಲುತ್ತಿದ್ದ ಕಯಾಕು, ಮಂಜಿನ ಹಲಗೆಯೊಂದರ ಮೇಲೆ ಅವನ ಕೆಲವು ಉಡುಪುಗಳು. ದೇಹ ಸಿಕ್ಕಲಿಲ್ಲ. ಆಗ ಅವನಿಗೆ ಇಪ್ಪತ್ತೈದು ವರ್ಷ. ಏನು ನಡೆಯಿತೆಂದು ಹೇಳಬಲ್ಲ ಸಾಕ್ಷಿಯಿಲ್ಲ. ಅವನಿಗೆ ಕೊರತೆಯಾದದ್ದು ನೈಪುಣ್ಯವಲ್ಲ, ಜೊತೆಯಲ್ಲಿ ಇನ್ನೊಂದು ದೋಣಿ. ಇಲ್ಲಿ ನೆನೆಯಬೇಕಾದ ಇನ್ನೊಂದು ವಿಚಾರವುಂಟು: ಅಲೆಯೇ ಇಲ್ಲದ ಹೊಳಪಿನ ನೀರಿನಲ್ಲಿ, ಬಿಸಿಲಿನ ಹೊತ್ತು, ಒಂಟಿಯಾಗಿ ಕದಲದೆ ಕಾದು ಕುಳಿತ ಗ್ರೀನ್‌ಲೆಂಡಿನ ಅನುಭವಿ ಬೇಟೆಗಾರರನ್ನು ಕೂಡ ಒಂದು ಬಗೆಯ ತಲೆಸುತ್ತು, ದೋಣಿ ಮುಳುಗುತ್ತಿದೆಯೆಂಬ ಭೀತಿ ಆವರಿಸುತ್ತಿತ್ತೆಂದು ಡೇನಿಷ್ ವೈದ್ಯರು ದಾಖಲಿಸಿದ್ದಾರೆ. ನೀರಿನ ಮೇಲೆ ಮನುಷ್ಯನಿಗೆ ಮನುಷ್ಯನ ಸಾಮೀಪ್ಯವು ಬೇಕಾಗುವುದು ಎಳೆದು ಮೇಲೆತ್ತುವುದಕ್ಕೆ ಮಾತ್ರವೇ ಅಲ್ಲ.

ಇಷ್ಟೆಲ್ಲ ಓದಿದವರು, ಹಾಗಾದರೆ ಮನೆಯಲ್ಲಿ ಕುಳಿತಿರುವುದೇ ಲೇಸಲ್ಲವೆ ಎಂದು ಕೇಳಬಹುದು. ನನ್ನ ಉತ್ತರ ದೃಢವಾಗಿ ‘ಅಲ್ಲ’ ಎಂಬುದು. ಯಂತ್ರವಿಲ್ಲದ ದೋಣಿಯಲ್ಲಿ ಗಾಳಿಯ ಒಂದು ಎಳೆಯನ್ನು ಹಾಯಿಯಲ್ಲಿ ಹಿಡಿದು, ಮೈಯನ್ನು ದೋಣಿಯ ಅಂಚಿನಾಚೆಗೆ ಚಾಚಿ ಅದರ ವಾಲುವಿಕೆಯನ್ನು ಸರಿದೂಗಿಸುತ್ತ ಸಾಗುವಾಗ ಒಬ್ಬ ಹುಡುಗಿ ತನ್ನ ನಿರ್ಣಯಕ್ಕೆ ತಾನೇ ಹೊಣೆಯೆಂಬುದನ್ನು ಕಲಿಯುವಷ್ಟು ನೇರವಾಗಿ ಯಾವ ಪಾಠಶಾಲೆಯಲ್ಲಿಯೂ ಕಲಿಯಲಾರಳು. ಅಪಾಯದ ಅಂಶವನ್ನು ಪೂರ್ತಿಯಾಗಿ ತೆಗೆದುಹಾಕಿದ ವಿಹಾರದಿಂದ ಈ ಶಿಕ್ಷಣ ದೊರೆಯದು. ಪ್ರಶ್ನೆಯಿರುವುದು ಎಷ್ಟು ಅಪಾಯ, ಯಾರ ಅಪಾಯ, ಯಾರ ತಿಳಿವಳಿಕೆಯಿಂದ ಕೂಡಿದ ಅಪಾಯ ಎಂಬುದರಲ್ಲಿ.

ಫ್ರ್ಯಾಂಕ್ ಡೈ ಎಂಬ ಆಂಗ್ಲನು ‘ವೇಫೇರರ್’ ಎಂಬ ಜಾತಿಯ, ಹದಿನಾರು ಅಡಿಗೂ ಒಂದೆರಡು ಅಂಗುಲ ಕಡಿಮೆಯಾದ, ಮೇಲ್ಚಾವಣಿಯಿಲ್ಲದ ಡಿಂಗಿಯಲ್ಲಿ ಒಬ್ಬ ಸಂಗಾತಿಯೊಡನೆ 1963ರಲ್ಲಿ ಸ್ಕಾಟ್ಲೆಂಡಿನಿಂದ ಐಸ್‌ಲೆಂಡಿಗೂ, ಮರುವರ್ಷ ನಾರ್ವೆಗೂ ಹೋದನು. ಕುಟುಂಬಗಳು ವಿಹರಿಸಲೆಂದು ಇಯಾನ್ ಪ್ರಾಕ್ಟರ್ ರೂಪಿಸಿದ ದೋಣಿ ಅದು! ನಾರ್ವೆಯ ಯಾನದಲ್ಲಿ ಘೋರವಾದ ಬಿರುಗಾಳಿ ಹಿಡಿದು, ದೋಣಿ ಮತ್ತೆ ಮತ್ತೆ ಮಗುಚಿ, ಕೂವೆಮರ ಮುರಿದುಹೋಯಿತು. ಆದರೂ ಇಬ್ಬರೂ ಜೀವಂತವಾಗಿ ನಾರ್ವೆಯ ತೀರವನ್ನು ಸೇರಿದರು. ಇದು ಕೇವಲ ಅದೃಷ್ಟವೆನ್ನುವಂತಿಲ್ಲ. ಕಡಲಿನ ನಡುವೆಯೇ ಕೂವೆಯನ್ನು ಕೆಳಗಿಳಿಸಲು ಬರುವಂಥ ಏರ್ಪಾಡು, ಬಿರುಗಾಳಿಯಲ್ಲಿ ದೋಣಿಯ ಮೂತಿಯನ್ನು ಅಲೆಗೆ ಎದುರಾಗಿ ಹಿಡಿದಿಡಲು ನೀರಿಗೆ ಬಿಡುವ ಕ್ಯಾನ್ವಾಸಿನ ಚೀಲ, ಅದಕ್ಕೆ ಉದ್ದನೆಯ ಹಗ್ಗ, ಮತ್ತು ಇವುಗಳನ್ನೆಲ್ಲ ಕತ್ತಲಲ್ಲಿಯೂ ಬಳಸುವ ಅಭ್ಯಾಸ, ಇವನ್ನೆಲ್ಲ ಅವನು ಹಿಂದಿನ ಹಲವು ಚಿಕ್ಕ ಯಾನಗಳಲ್ಲಿ ಒಂದೊಂದಾಗಿ ಸಿದ್ಧಪಡಿಸಿಕೊಂಡಿದ್ದನು. ಅವನ ‘ವಾಂಡರರ್’ ದೋಣಿಯನ್ನು ಫಾಲ್ಮತ್ತಿನ ನೌಕಾವಸ್ತು ಸಂಗ್ರಹಾಲಯವು ಕಾಪಾಡಿಕೊಂಡು ಬಂದಿದೆ. ಡೈ ಮಾಡಿದ್ದನ್ನು ಅನುಕರಿಸಿರೆಂದು ನಾನು ಯಾರಿಗೂ ಹೇಳುವುದಿಲ್ಲ. ಅವನ ಸಿದ್ಧತೆಯ ಶ್ರದ್ಧೆಯನ್ನು ಕೆರೆಯ ವಿಹಾರಕ್ಕೆ ಹೋಗುವವನೂ ಅನುಕರಿಸಬಹುದು.

ಆಂಡ್ರೂ ಮೆಕಾಲಿ ಎಂಬ ಆಸ್ಟ್ರೇಲಿಯದ ಸಾಹಸಿಯ ಕಥೆ ಇದಕ್ಕಿಂತ ಕಷ್ಟವಾದ ಪ್ರಶ್ನೆಯನ್ನು ಮುಂದಿಡುತ್ತದೆ. ಟ್ಯಾಸ್ಮೇನಿಯದಿಂದ ನ್ಯೂಜಿಲೆಂಡಿಗೆ ಕಯಾಕಿನಲ್ಲಿ ಒಬ್ಬನೇ ಕಡಲು ದಾಟಬೇಕೆಂದು 2006ರ ಡಿಸೆಂಬರಿನಲ್ಲಿ ಹೊರಟ ಅವನು, ರಾತ್ರಿ ದೋಣಿಯೊಳಗೆ ಮೈ ಬೆಚ್ಚಗಿಟ್ಟುಕೊಳ್ಳಲಾಗದೆಂದು ಕಂಡೊಡನೆ ಹಿಂತಿರುಗಿದನು. ಜಗತ್ತು ನೋಡುತ್ತಿರುವಾಗ ಹಾಗೆ ಹಿಂತಿರುಗುವುದಕ್ಕೆ ಬೇಕಾದ ಧೈರ್ಯ ಅಲ್ಪವಾದುದಲ್ಲ. ಜನವರಿಯಲ್ಲಿ ಮತ್ತೆ ಹೊರಟು, ಸುಮಾರು ಒಂದು ತಿಂಗಳು ಕಡಲಿನ ಮೇಲಿದ್ದು, 2007ರ ಫೆಬ್ರವರಿ 9ರಂದು ರೇಡಿಯೋದಲ್ಲಿ ಆಪತ್ತಿನ ಕರೆ ಕಳುಹಿಸಿದನು. ಮರುದಿನ, ಮಿಲ್‌ಫರ್ಡ್ ಸೌಂಡ್ ಎಂಬ ತೀರ ಇನ್ನೇನು ಸಮೀಪಿಸಿತು ಎನ್ನುವಲ್ಲಿ, ಅವನ ದೋಣಿ ಸಿಕ್ಕಿತು, ಅವನು ಸಿಕ್ಕಲಿಲ್ಲ. ಅವನನ್ನು ಅವಿವೇಕಿಯೆನ್ನಲು ನನಗೆ ನಾಲಗೆ ಬಾರದು. ಏನನ್ನು ಪಣವಾಗಿ ಒಡ್ಡಿದ್ದೇನೆಂಬುದನ್ನು ಅವನು ಬಲ್ಲವನಾಗಿದ್ದನು. ಆದರೆ ಒಂದೇ ಒಂದು ತಪ್ಪಿಗೂ ಎಡೆಯಿಲ್ಲದ ಯೋಜನೆ ಎಷ್ಟೇ ಜಾಣ್ಮೆಯಿಂದ ರಚಿತವಾಗಿದ್ದರೂ ಯೋಜನೆಯಾಗಿ ಅಪೂರ್ಣವೆಂಬುದು ನನ್ನ ಮತ. ಅದೇ ಕಡಲನ್ನು ಜೇಮ್ಸ್ ಕ್ಯಾಸ್ಟ್ರಿಷನ್, ಜಸ್ಟಿನ್ ಜೋನ್ಸ್ ಎಂಬಿಬ್ಬರು ಜೋಡಿ ಕಯಾಕಿನಲ್ಲಿ ದಾಟಿ 2008ರ ಜನವರಿಯಲ್ಲಿ ನ್ಯೂಜಿಲೆಂಡನ್ನು ಮುಟ್ಟಿದರು.

ತಿಳಿದವನೊಬ್ಬನು ತನ್ನ ಜೀವವನ್ನು ಒಡ್ಡುವುದು ಒಂದು. ತಿಳಿಯದವರ ಜೀವವನ್ನು ಇನ್ನೊಬ್ಬನು ಒಡ್ಡುವುದು ಬೇರೊಂದು. ಮೆಕಾಲಿಗೂ ಲೈಮ್ ರೀಜಿಸ್ಸಿನ ಮಕ್ಕಳಿಗೂ ಇರುವ ಅಂತರ ಇದು. ಈಗ ಎಲ್ಲ ಕಡೆಗಳಲ್ಲಿಯೂ, ವಿಹಾರಕ್ಕೆ ಬಂದವರಿಂದ ‘ಆಗುಹೋಗುಗಳಿಗೆ ನಾನೇ ಹೊಣೆ’ ಎಂಬ ಕಾಗದಕ್ಕೆ ರುಜು ಹಾಕಿಸಿಕೊಳ್ಳುವ ಪದ್ಧತಿ ಬಂದಿದೆ. ನೀರನ್ನೇ ಅರಿಯದವನ ರುಜುವಿಗೆ ಏನು ಅರ್ಥ? ಗಾಳಿಯ ದಿಕ್ಕೇನು, ನೀರಿನ ಆಳವೆಷ್ಟು, ಮಗುಚಿದರೆ ಏನು ಮಾಡಬೇಕು ಎಂಬುದನ್ನು ತಿಳಿಸಿ ಹೇಳಿದ ಮೇಲೆ ಪಡೆದ ಒಪ್ಪಿಗೆಯೇ ಒಪ್ಪಿಗೆ.

ಈ ವಿಚಾರ ಈಗ ನಮ್ಮ ನಾಡಿಗೂ ದೂರದ್ದಾಗಿ ಉಳಿದಿಲ್ಲ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಸ್ಯಾಪರ್ಸ್ ಸೈನಿಕರು ಹಾಯಿದೋಣಿಯ ಅಭ್ಯಾಸವನ್ನು ನಡೆಸಿಕೊಂಡು ಬಂದಿದ್ದಾರೆ. ಅವರದು ಶಿಸ್ತಿನ ಪರಂಪರೆ. ಹೊನ್ನಾವರದ ಬಳಿ ಶರಾವತಿಯ ಕಾಂಡ್ಲಾ ಕಾಡಿನ ನಡುವೆ, ಮೂಲ್ಕಿಯಲ್ಲಿ ಶಾಂಭವಿಯ ಹಿನ್ನೀರಿನಲ್ಲಿ, ಗಣೇಶಗುಡಿಯಲ್ಲಿ ಕಾಳಿಯ ಹರಿವಿನಲ್ಲಿ ರಜೆಯ ದಿನಗಳಂದು ಕಯಾಕುಗಳು ಬಣ್ಣಬಣ್ಣವಾಗಿ ಕಾಣುತ್ತವೆ. ನಮ್ಮ ನೀರು ಇಂಗ್ಲೆಂಡಿನಷ್ಟು ತಣ್ಣಗಿಲ್ಲ. ಆ ಒಂದು ಶತ್ರುವಿನಿಂದ ನಮಗೆ ಬಹುಮಟ್ಟಿನ ಬಿಡುಗಡೆ. ಆದರೆ ಗಾಳಿಯ ವಂಚನೆ ಇಲ್ಲಿಯೂ ಇದೆ: ಬೇಸಗೆಯ ತಿಂಗಳುಗಳಲ್ಲಿ ನಮ್ಮ ಕರಾವಳಿಯ ಮೇಲೆ ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿಗೆ, ಮಧ್ಯಾಹ್ನದ ಮೇಲೆ ಕಡಲಿನಿಂದ ನೆಲಕ್ಕೆ. ಹಾಯಿಯ ಕಾಲದ ಬೆಸ್ತರು ಮೊದಲನೆಯದನ್ನು ಹಿಡಿದು ಹೋಗಿ ಎರಡನೆಯದನ್ನು ಹಿಡಿದು ಬರುತ್ತಿದ್ದರು. ಅದನ್ನರಿಯದ ಹೊಸಬನಿಗೆ ಬೆಳಗಿನ ತಿಳಿನೀರೇ ಆಮಿಷ. ನದಿಯು ಕಡಲನ್ನು ಸೇರುವ ಅಳಿವೆಯಲ್ಲಿ, ಇಳಿತದ ನೀರು ಹೊರಕ್ಕೆ ಧಾವಿಸುವಾಗ ಎದುರಿನಿಂದ ಬರುವ ಅಲೆಗಳು ಕಡಿದಾಗಿ ಎದ್ದು ಒಡೆಯುತ್ತವೆ. ಹಿನ್ನೀರಿನಲ್ಲಿ ಹಾಯಾಗಿ ತೇಲಿಕೊಂಡು ಬಂದವನು ಅಲ್ಲಿಗೆ ಬಂದಮೇಲೆ ಹಿಂತಿರುಗಲಾರನು. ಕಾಳಿಯ ಹರಿವೋ ಸೂಪಾ ಅಣೆಕಟ್ಟಿನಿಂದ ಬಿಡುವ ನೀರನ್ನು ಅವಲಂಬಿಸಿದ್ದು. ಬೆಳಗ್ಗೆ ಕಂಡ ನದಿಯೇ ಮಧ್ಯಾಹ್ನದ ನದಿಯೆಂದು ನಂಬುವಂತಿಲ್ಲ. ಮಳೆಗಾಲದಲ್ಲಿ, ಜೂನ್ 1ರಿಂದ ಜುಲೈ 31ರವರೆಗೆ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಸರಕಾರದ ನಿಷೇಧವಿದೆ. ಅದು ಮೀನಿನ ಸಂತತಿಯ ರಕ್ಷಣೆಗಾಗಿ ಬಂದ ನಿಯಮವಾದರೂ, ದೊಡ್ಡ ದೋಣಿಗಳೇ ಬಂದರಿನಲ್ಲಿ ಕಟ್ಟಿಕೊಂಡು ನಿಂತಿರುವ ಆ ತಿಂಗಳುಗಳಲ್ಲಿ ಕಯಾಕಿನೊಡನೆ ಕಡಲಿಗಿಳಿಯುವವನು ಆ ನೋಟವನ್ನಾದರೂ ಗಮನಿಸಬೇಕು.

ಮಕ್ಕಳನ್ನು ಇಂಥ ವಿಹಾರಕ್ಕೆ ಕಳುಹಿಸುವ ತಂದೆತಾಯಿಗಳಲ್ಲಿಯೂ ಉಪಾಧ್ಯಾಯರಲ್ಲಿಯೂ ನನ್ನದೊಂದು ಬಿನ್ನಹವಿದೆ. ಕಳುಹಿಸಿರಿ, ತಡೆಯಬೇಡಿರಿ. ಆದರೆ ಹಣ ಕೊಡುವ ಮುನ್ನ ದಡದಲ್ಲಿ ನಿಂತು ನಾಲ್ಕು ಮಾತು ವಿಚಾರಿಸಿರಿ: ಇಂದು ಗಾಳಿ ಯಾವ ಕಡೆಗೆ? ಕರೆದೊಯ್ಯುವವನು ಯಾರಲ್ಲಿ ಕಲಿತವನು? ಹಿಂದೆ ಬರುವ ರಕ್ಷಣಾದೋಣಿ ಯಾವುದು? ಹೇಳಿದ ಹೊತ್ತಿಗೆ ಇವರು ಮರಳದಿದ್ದರೆ ಕರೆ ಮಾಡುವವರು ಯಾರು? ಮಗುವಿನ ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ನಿಮ್ಮ ಕೈಯಿಂದಲೇ ಬಿಗಿದು, ಹೆಗಲ ಬಳಿ ಹಿಡಿದು ಮೇಲಕ್ಕೆಳೆದು ನೋಡಿರಿ. ಈ ಪ್ರಶ್ನೆಗಳಿಗೆ ಬೇಸರಪಟ್ಟುಕೊಳ್ಳುವವನ ದೋಣಿಯಲ್ಲಿ ಮಗುವನ್ನು ಕೂರಿಸಬೇಡಿರಿ. ಸಮಾಧಾನದಿಂದ ಉತ್ತರ ಕೊಡುವವರು ಸಿಕ್ಕುವವರೆಗೂ ಕಾಯಿರಿ.